ಹೊಳೆಯ ಚಿತ್ರ, ಹೊಳೆಯ ಕಾವಲು

ರಣಧೀರ ಕಂಠೀರವ ನರಸರಾಜ ಒಡೆಯರು ಮೈಸೂರನ್ನು ಆಳುತ್ತಿದ್ದ ಕಾಲ. 1645ರಿಂದ 1648ರ ನಡುವೆ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಅಡ್ಡಲಾಗಿ ಕಟ್ಟೆಯೊಂದು ಎದ್ದಿತು. ಅರಸರಿಗೆ ಬೇಕಿದ್ದುದು ನೀರು. ಆದರೆ ಕಟ್ಟೆಯ ದೆಸೆಯಿಂದ ಹೊಳೆಯ ನಡುವೆ ಸಣ್ಣ ಸಣ್ಣ ತಿಟ್ಟುಗಳು ಮೂಡಿದವು. ಅವುಗಳ ಮೇಲೆ ಮರ ಬೆಳೆಯಿತು, ಮರಕ್ಕೆ ಹಕ್ಕಿ ಬಂತು. ಮುಂದಿನ ಮುನ್ನೂರು ವರ್ಷ ಆ ತಿಟ್ಟುಗಳನ್ನು ಯಾವ ಆಸ್ಥಾನವೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಹೊಳೆಯನ್ನು ಕಣ್ಣಿಟ್ಟು ನೋಡಿದವರು ಬೇರೆಯೇ ಉದ್ದೇಶದಿಂದ ಬಂದರು. 1791ರ ಮೇ ತಿಂಗಳಲ್ಲಿ, ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣವನ್ನು ಹಿಡಿಯಲು, ಇಂಗ್ಲಿಷರ ಲಾರ್ಡ್ ಕಾರ್ನ್‌ವಾಲಿಸನ ದಂಡು ಅರಕೆರೆಯವರೆಗೆ ಬಂತು, ಹೊಳೆ ದಾಟುವ ಜಾಗ ಹುಡುಕುತ್ತ ಕನ್ನಂಬಾಡಿಯ ಕಡೆಗೆ ಸರಿಯಿತು. ಎತ್ತುಗಳು ಸತ್ತವು, ದವಸ ತೀರಿತು. ಕೊನೆಗೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ದಂಡು ಹಿಂದಿರುಗಿತು. ಮರುವರ್ಷ ಅದೇ ಸೈನ್ಯ ಮತ್ತೆ ಬಂದು ಪಟ್ಟಣವನ್ನು ಮುತ್ತಿತು. ಈ ದಂಡಯಾತ್ರೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಮೈಸೂರು ಸೀಮೆಯ ನೋಟಗಳನ್ನು ಲಂಡನ್ನಿನಲ್ಲಿ ಪುಸ್ತಕವಾಗಿ ಹೊರತಂದ. ಮೋಜಣಿದಾರ ಕೋಲ್‌ಬ್ರೂಕನೂ ಅದೇ ಹೊತ್ತಿಗೆ ಹನ್ನೆರಡು ನೋಟಗಳನ್ನು ಬರೆದ. ಕೋಟೆ, ಗೋಪುರ, ಬಂಡೆಗಳ ನಡುವೆ ಹರಿಯುವ ನೀರು ಎಲ್ಲವೂ ಅಂದವಾಗಿಯೇ ಇವೆ. ಆದರೂ ಅವು ದಂಡಿನವರ ಕಣ್ಣಿಗೆ ಬಿದ್ದ ಕಾವೇರಿ. ಅವರ ಪಾಲಿಗೆ ಆಕೆ ಕೋಟೆಯ ಕಂದಕ. 1799ರ ಮೇ 4ರಂದು, ಬೇಸಗೆಯ ನೀರು ತಗ್ಗಿದ್ದ ಆ ಮಧ್ಯಾಹ್ನ, ಕಂದಕವನ್ನು ದಾಟಿಯೂ ಆಯಿತು. ಇಂಡಿಯಾವನ್ನು ಎಂದೂ ಕಾಣದ ಚಿತ್ರಕಾರ ಟರ್ನರ್ ಕೂಡ ಇಂಗ್ಲೆಂಡಿನಲ್ಲೇ ಕುಳಿತು ಆ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದ. ಗೆದ್ದವರ ಮನೆಗಳಲ್ಲಿ ನಮ್ಮ ಹೊಳೆ ಗೋಡೆಯ ಅಲಂಕಾರವಾಯಿತು.

ಇತ್ತ ಹೊಳೆಯ ದಂಡೆಯಲ್ಲೇ ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೂ ಯುದ್ಧವೇ ಇತ್ತು, 1780ರ ಪೊಳ್ಳಿಲೂರಿನ ಕಾಳಗ. ಆ ಯುಗಕ್ಕೆ ಕುಂಚ ಹಿಡಿದರೆ ಕಾಣುತ್ತಿದ್ದುದೇ ಕತ್ತಿ. ಅದಕ್ಕಾಗಿ ಚಿತ್ರಕಾರರನ್ನು ದೂರಲಾರೆ. ಅವರು ಅಷ್ಟು ಶ್ರದ್ಧೆಯಿಂದ ಬರೆಯದಿದ್ದರೆ ಅಣೆಕಟ್ಟಿಗೆ ಮೊದಲಿನ ಕಾವೇರಿಯ ರೂಪ ನಮಗೆ ಇಷ್ಟು ಸ್ಪಷ್ಟವಾಗಿ ಸಿಗುತ್ತಿರಲಿಲ್ಲ.

1911ರಲ್ಲಿ ಕನ್ನಂಬಾಡಿ ಕಟ್ಟೆಯ, ಅಂದರೆ ಇಂದಿನ ಕೃಷ್ಣರಾಜಸಾಗರದ, ಕೆಲಸ ಮೊದಲಾಯಿತು. ಹೇಮಾವತಿ, ಲಕ್ಷ್ಮಣತೀರ್ಥಗಳ ನೀರೂ ಕಾವೇರಿಯೊಡನೆ ಅಲ್ಲಿ ನಿಂತಿತು. ಊರು ಮುಳುಗಿತು, ಹೊಯ್ಸಳರ ಕಾಲದ ವೇಣುಗೋಪಾಲನ ಗುಡಿಯೂ ಮುಳುಗಿತು. ಬರ ಬಂದ ವರ್ಷ ಗುಡಿ ತಲೆಯೆತ್ತುತ್ತಿತ್ತು, ಪತ್ರಿಕೆಗಳಲ್ಲಿ ಅದರ ಛಾಯಾಚಿತ್ರ ಬರುತ್ತಿತ್ತು. ಈಗ ಆ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಪಾಂಡವಪುರ ತಾಲೂಕಿನ ಹೊಸ ಕನ್ನಂಬಾಡಿಯಲ್ಲಿ ಎತ್ತಿ ನಿಲ್ಲಿಸಿದ್ದಾರೆ.

ಶ್ರೀರಂಗಪಟ್ಟಣದ ಬಳಿಯ ಆ ಹಳೆಯ ತಿಟ್ಟುಗಳಿಗೆ ಕಾವಲು ಸಿಕ್ಕಿದ್ದು ಪಕ್ಷಿತಜ್ಞ ಸಾಲಿಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ. ಅವರ ಮಾತಿಗೆ ಅರಸೊತ್ತಿಗೆ ಕಿವಿಗೊಟ್ಟಿತು. 1940ರಲ್ಲಿ ಆ ತಿಟ್ಟುಗಳು ರಂಗನತಿಟ್ಟು ಪಕ್ಷಿಧಾಮವಾದವು. ಕೋಟೆಯನ್ನು ಕಾಯುತ್ತಿದ್ದ ಹೊಳೆಯನ್ನೇ ಕಾಯಬೇಕೆಂಬ ಆಜ್ಞೆ ಅಂದು ಹೊರಟಿತು. ಅಲ್ಲಿಂದ ಮುಂದೆ ಕ್ಯಾಮೆರಾದ ಕಾಲ. ದೋಣಿಯಲ್ಲಿ ಕುಳಿತು, ಉಸಿರು ಬಿಗಿಹಿಡಿದು ತೆಗೆದ ಚಿತ್ರಗಳು ಹೆಜ್ಜಾರ್ಲೆಯನ್ನೂ ಬಾಯ್ಕಳಕವನ್ನೂ ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆಯನ್ನೂ ವಾರಪತ್ರಿಕೆಗಳ ಪುಟಕ್ಕೆ, ಮನೆಯ ಕ್ಯಾಲೆಂಡರಿಗೆ ತಂದವು. ಹೊಳೆಯನ್ನು ಕಾಣದವರಿಗೂ ಅದರಲ್ಲಿ ಒಕ್ಕಲಿರುವವರ ಪರಿಚಯವಾಯಿತು. ಒಂದು ಚದರ ಕಿಲೋಮೀಟರೂ ಇಲ್ಲದ ಜಾಗದ ಪರವಾಗಿ ಅಷ್ಟೊಂದು ಜನ ದನಿಯೆತ್ತಲು ಈ ಚಿತ್ರಗಳೇ ಬಹುಪಾಲು ಕಾರಣವೆಂದು ನಾನು ನಂಬುತ್ತೇನೆ. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳು ಇಂದಿಗೂ ಮುಳುಗುತ್ತವೆ. ಆಗ ನಾಡಿನ ಕಣ್ಣು ಗೂಡುಗಳತ್ತ ಹೊರಳುತ್ತದೆ. 2022ರಲ್ಲಿ ರಂಗನತಿಟ್ಟು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು, ಕರ್ನಾಟಕದ ಮೊದಲ ತಾಣವಾಗಿ.

ಚಿತ್ರಗಳಿಂದ ಒದಗಿದ ಆ ಭಾಗ್ಯ ನೆರೆಯ ನೀರುಗಳಿಗೆ ಇನ್ನೂ ಬಂದಿಲ್ಲ. ನಾಗಮಂಗಲದ ಸೀಮೆಯನ್ನು ಹಾದು ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುವ ಲೋಕಪಾವನಿ, ಕೃಷ್ಣರಾಜಪೇಟೆಯ ಹೊಲಗಳ ಮಗ್ಗುಲಲ್ಲಿ ಹರಿಯುವ ಹೇಮಾವತಿ, ಪಾಂಡವಪುರದ ಬೆಟ್ಟಗಳ ನಡುವೆ ತಿಳಿಯಾಗಿ ನಿಂತ ತೊಣ್ಣೂರು ಕೆರೆ, ಇವಕ್ಕೂ ಕುಂಚ ಹಿಡಿದವರು, ಕ್ಯಾಮೆರಾ ಹೊತ್ತವರು ಬೇಕು. ಬರುವವರು ಬೇಸಗೆಯಲ್ಲೂ ಬರಲಿ, ಒಣಗಿದ ಪಾತ್ರವನ್ನೂ ಅಗೆದ ಮರಳನ್ನೂ ಚಿತ್ರಿಸಲಿ.