ತೊಗಟೆಯ ಮೇಲೊಂದು ಬರಹ

ಕಾರವಾರ, ಅಂಕೋಲಾ ಕಡೆ ಮಾವು, ಹಲಸಿನ ಕಾಂಡಗಳ ಮೇಲೆ ಸುಣ್ಣ ಸಿಡಿದಂತಹ ಬಿಳಿ, ಬೂದು ಮಚ್ಚೆಗಳನ್ನು ನೀವು ನೋಡಿರಬಹುದು. ಮರಕ್ಕೆ ರೋಗ ಬಂತೆಂದು ಹೆದರಬೇಕಿಲ್ಲ. ಇವು ಲೈಕೆನ್‌ಗಳು, ಮರದ ಸಾರ ಹೀರುವುದಿಲ್ಲ. ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವೇ. ಅದನ್ನು ಎಲೆಯಂತೆ ಬಿಡಿಸಬಹುದು, ಇವು ಹಕ್ಕಳೆಯಂತೆ ಕಚ್ಚಿಕೊಂಡಿರುತ್ತವೆ. ಕೆಲವುಗಳ ಕಪ್ಪು ಗೆರೆಗಳು ಥೇಟ್ ಅಕ್ಷರದಂತೆ. ಹಾಗಾಗಿಯೇ ಆ ಕುಲಕ್ಕೆ ಬರವಣಿಗೆಯ ಗ್ರೀಕ್ ಪದದಿಂದ ‘ಗ್ರಾಫಿಸ್’ ಎಂಬ ಹೆಸರು.

ಲೈಕೆನ್ ಒಂದೇ ಜೀವಿಯಲ್ಲ, ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಸಂಸಾರ ಎಂದು ಸ್ವಿಟ್ಜರ್‌ಲೆಂಡಿನ ಸೈಮನ್ ಶ್ವೆಂಡೆನರ್ 1867ರಲ್ಲಿ ಸಾರಿದಾಗ ಹಿರಿಯ ವಿದ್ವಾಂಸರೇ ಒಪ್ಪಲಿಲ್ಲ. ಅವರಲ್ಲಿ ಪ್ಯಾರಿಸ್‌ನಲ್ಲಿದ್ದ ವಿಲಿಯಂ ನೈಲಾಂಡರ್ ಒಬ್ಬ. ತಮಾಷೆಯೆಂದರೆ, ಲೈಕೆನ್‌ಗಳು ಗಾಳಿಯ ಶುದ್ಧಿಯನ್ನು ತಿಳಿಸುತ್ತವೆಂದು 1866ರಲ್ಲೇ ಬರೆದವನೂ ಈತನೇ!

ನಮ್ಮಲ್ಲಿ ಧರಣಿಧರ ಅವಸ್ಥಿ ಭಾರತ, ನೇಪಾಳ, ಶ್ರೀಲಂಕಾಗಳ ಇಂತಹ ಸಣ್ಣ ಲೈಕೆನ್‌ಗಳನ್ನು ಗುರುತಿಸುವ ಗ್ರಂಥವನ್ನು 1991ರಲ್ಲಿ ಹೊರತಂದರು.

ಹಕ್ಕಳೆಗಳ ಬೆಳವಣಿಗೆ ಬಲು ನಿಧಾನ. ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರೂ ಹಬ್ಬುವುದಿಲ್ಲ. ಆಸ್ಟ್ರಿಯಾದ ರೋಲಾಂಡ್ ಬೆಶೆಲ್ 1950ರಲ್ಲಿ ಇವುಗಳ ಅಗಲ ಅಳೆದು, ಆಲ್ಪ್ಸ್‌ನ ಹಿಮನದಿಗಳು ಬಿಟ್ಟುಹೋದ ಬಂಡೆಗಳು ಎಂದಿನಿಂದ ಬಯಲಾಗಿವೆಯೆಂದು ಲೆಕ್ಕ ಹಾಕಿದ. ನಮ್ಮ ಮಳೆ, ಸೆಖೆಗೆ ಆ ಲೆಕ್ಕ ಹಾಗೆಯೇ ಹೊಂದದು.

ಆದರೂ ಹೆದ್ದಾರಿಯಲ್ಲಿ ಸಾಗುವಾಗ ಗಮನಿಸಿ. ರಸ್ತೆ ಅಗಲಿಸಲು ಕಡಿದ ಹಳೆಯ ಮರಗಳ ಜತೆ ಅವುಗಳ ಮೈಮೇಲಿನ ಬರಹವೂ ಹೋಯಿತು. ಮುಟ್ಟದ ಬಂಡೆಗಳು ಬೂದು, ಗುಡ್ಡ ಸೀಳಿದ ಕಡೆ ಬೋಳು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಕುಸಿದ ಗುಡ್ಡದಲ್ಲಿ ಹೊಸದಾಗಿ ಬಯಲಾದ ಕಲ್ಲಿಗೆ ಎಣಿಕೆ ಶುರುವಾದದ್ದು ಆ ದಿನದಿಂದ.