ಎರಡೆರಡು ಸಲ ಸಿಕ್ಕ ಮೂಳೆಗಳು

ಮಧ್ಯ ಭಾರತದ ದಾರಿಗಳಲ್ಲಿ ಪ್ರಯಾಣಿಕರ ಕೊರಳಿಗೆ ವಸ್ತ್ರ ಬಿಗಿದು ಕೊಲ್ಲುತ್ತಿದ್ದ ಥಗ್ಗರ ಕಥೆಯನ್ನು ಕೇಳದವರು ವಿರಳ. ಅವರನ್ನು ಹತ್ತಿಕ್ಕಿದ ಈಸ್ಟ್ ಇಂಡಿಯಾ ಕಂಪೆನಿಯ ಸೇನಾಧಿಕಾರಿ ವಿಲಿಯಂ ಹೆನ್ರಿ ಸ್ಲೀಮನ್‌ನ ಹೆಸರೂ ಇತಿಹಾಸದ ಪುಸ್ತಕಗಳಲ್ಲಿ ಉಳಿದಿದೆ. ಆದರೆ ಭಾರತದ ಮೊದಲ ಡೈನೋಸಾರ್ ಮೂಳೆಗಳನ್ನು ಪತ್ತೆ ಮಾಡಿದವನೂ ಇವನೇ ಎಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಅದು ನಡೆದದ್ದು 1828ರಲ್ಲಿ. ಜಬಲ್ಪುರದ ದಂಡುಪ್ರದೇಶದ ಪಕ್ಕದಲ್ಲಿ ಬಾರಾ ಸಿಮ್ಲಾ ಎಂಬ ಗುಡ್ಡವಿದೆ. ಅಲ್ಲಿ ಸ್ಲೀಮನ್‌ಗೆ ಕಲ್ಲಾಗಿ ಹೋದ ಕೆಲವು ಮೂಳೆಗಳು ಸಿಕ್ಕಿದವು. ಅವು ಯಾವುದೋ ಭಾರೀ ಪ್ರಾಣಿಯ ಬಾಲದ ಬೆನ್ನುಮಣಿಗಳು. ಯಾವ ಪ್ರಾಣಿ ಎಂದು ಹೇಳುವವರು ಆಗ ಯಾರಿದ್ದರು? ‘ಡೈನೋಸಾರ್’ ಎಂಬ ಶಬ್ದವೇ ಇನ್ನೂ ಹುಟ್ಟಿರಲಿಲ್ಲ. ಇಂಗ್ಲೆಂಡಿನ ರಿಚರ್ಡ್ ಓವೆನ್ ಅದನ್ನು ರೂಪಿಸಿದ್ದು 1842ರಲ್ಲಿ. ಸ್ಲೀಮನ್ ಮೂಳೆಗಳನ್ನು ವೈದ್ಯನಾಗಿದ್ದ ಸ್ಪಿಲ್ಸ್‌ಬರಿಗೆ ಕೊಟ್ಟ. ಸ್ಪಿಲ್ಸ್‌ಬರಿ ಅವನ್ನು ಕಲ್ಕತ್ತೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್‌ಗೆ ಕಳುಹಿಸಿದ. ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಓದಿದ ಅದೇ ಪ್ರಿನ್ಸೆಪ್ ಈತ. ಲಿಪಿ ಒಲಿಯಿತು, ಮೂಳೆ ಒಲಿಯಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಿಚರ್ಡ್ ಲಿಡೆಕ್ಕರ್ 1877ರಲ್ಲಿ ಅವಕ್ಕೆ ‘ಟೈಟಾನೊಸಾರಸ್ ಇಂಡಿಕಸ್’ ಎಂದು ನಾಮಕರಣ ಮಾಡುವ ಹೊತ್ತಿಗೆ ಮೂಳೆ ಸಿಕ್ಕಿ 49 ವರ್ಷ ಕಳೆದಿತ್ತು. ಉದ್ದ ಕುತ್ತಿಗೆ, ಉದ್ದ ಬಾಲದ ದೈತ್ಯ ಸಸ್ಯಾಹಾರಿ ಅದು. ಆಮೇಲೆ ಈ ಮೂಳೆಗಳು ಎಲ್ಲಿ ಹೋದವು ಎಂಬುದೇ ಇನ್ನೊಂದು ಕಥೆ. ಅದನ್ನು ಮುಂದೆ ನೋಡೋಣ.

ಮೂಳೆಗಳು ಸಿಕ್ಕಿದ ಶಿಲಾಸ್ತರಕ್ಕೆ ಲಮೇಟಾ ಎಂದು ಹೆಸರು. ಭೇಡಾಘಾಟಿನ ಅಮೃತಶಿಲೆಯ ಕಣಿವೆಯಲ್ಲಿ ದೋಣಿ ವಿಹಾರ ಮಾಡಿ ಬರುವ ಪ್ರವಾಸಿಗರಿಗೆ ಅಲ್ಲೇ ಸಮೀಪದಲ್ಲಿ ನರ್ಮದೆಯ ದಡದ ಲಮೇಟಾ ಘಾಟ್ ಗೊತ್ತಿರಬಹುದು. ಆ ಸ್ನಾನಘಟ್ಟದ ಹೆಸರೇ ಕಲ್ಲಿಗೂ ಬಂದಿದೆ. ನೋಡಲು ಇದೇನೂ ಭವ್ಯವಾದ ಬಂಡೆಯಲ್ಲ. ಜೇಡಿ, ಮರಳುಗಲ್ಲು, ಗಂಟುಗಂಟಾದ ಸುಣ್ಣಕಲ್ಲು ಸೇರಿದ ತೆಳುವಾದ ಪದರ. ದಪ್ಪ ಕೆಲವೆಡೆ ಬರೀ ಕೆಲವೇ ಮೀಟರು. ಜಬಲ್ಪುರದಿಂದ ಪಶ್ಚಿಮಕ್ಕೆ ಗುಜರಾತಿನವರೆಗೆ, ದಕ್ಷಿಣಕ್ಕೆ ಮಹಾರಾಷ್ಟ್ರದ ಚಂದ್ರಪುರದವರೆಗೆ ಅಲ್ಲಲ್ಲಿ ತುಂಡು ತುಂಡಾಗಿ ಕಾಣಿಸಿಕೊಳ್ಳುತ್ತದೆ.

ಇಷ್ಟು ಮೆದುವಾದ ಪದರ ಆರೂವರೆ ಕೋಟಿ ವರ್ಷಕ್ಕೂ ಹೆಚ್ಚು ಕಾಲ ಉಳಿದದ್ದು ಹೇಗೆ? ಅದರ ಮೇಲೆ ಬಿದ್ದ ಮುಚ್ಚಳದಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು, ಲಾವಾ ಹೊಳೆಹೊಳೆಯಾಗಿ ಹರಿದು, ಪದರದ ಮೇಲೆ ಪದರ ಕೂತು ದಖ್ಖನ್ನಿನ ಕರಿಕಲ್ಲಿನ ನಾಡು ನಿರ್ಮಾಣವಾಯಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಆವರಿಸಿದೆ. ಅದರ ದಕ್ಷಿಣದ ಅಂಚು ಕರ್ನಾಟಕದೊಳಗೇ ಇದೆ. ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿ ಕಡೆ ಬಿಳಿಜೋಳ ಬೆಳೆಯುವ ಎರೆಭೂಮಿ ಈ ಲಾವಾ ಸವೆದು ಆದ ಮಣ್ಣು. ಗೋಳಗುಮ್ಮಟಕ್ಕೆ ಬಳಸಿದ ಕಡುಬೂದು ಬಣ್ಣದ ಕಲ್ಲೂ ಅದೇ ಲಾವಾ. ಲಮೇಟಾದ ಮೂಳೆ ಮೊಟ್ಟೆಗಳನ್ನು ಮುಚ್ಚಿಟ್ಟು ಕಾಪಾಡಿದ್ದು ಈ ಕರಿಕಲ್ಲು. ನರ್ಮದೆ ಮತ್ತು ಇತರ ಹೊಳೆಗಳು ಆ ಮುಚ್ಚಳವನ್ನು ಕೊರೆದಲ್ಲಿ ಮಾತ್ರ ಕೆಳಗಿನ ಪದರ ಹೊರಗೆ ಇಣುಕುತ್ತದೆ. ಆ ಕಾಲದ ಕೊನೆಯ ಹೊತ್ತಿಗೆ ಹಕ್ಕಿಗಳನ್ನು ಬಿಟ್ಟು ಉಳಿದ ಡೈನೋಸಾರ್‌ಗಳೆಲ್ಲ ನಾಶವಾದವು. ಮೆಕ್ಸಿಕೋದ ಯುಕಾಟಾನಿನಲ್ಲಿ ಬಿದ್ದ ಕ್ಷುದ್ರಗ್ರಹವೇ ಕಾರಣವೆಂದು ಬಹುಪಾಲು ವಿಜ್ಞಾನಿಗಳ ಮತ. ದಖ್ಖನ್ನಿನ ಲಾವಾದ ಪಾಲೆಷ್ಟು ಎಂಬ ಚರ್ಚೆ ಇನ್ನೂ ನಿಂತಿಲ್ಲ.

ಬಾರಾ ಸಿಮ್ಲಾ ಗುಡ್ಡಕ್ಕೆ ಮತ್ತೆ ಹಾರೆ ಹಿಡಿದು ಬಂದವನು ಚಾರ್ಲ್ಸ್ ಮ್ಯಾಟ್ಲಿ. ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅವನು ಅಗೆದ ಮೂಳೆಗಳನ್ನು ಜರ್ಮನಿಯ ಫ್ರೀಡ್ರಿಚ್ ಫಾನ್ ಹ್ಯೂನೆ ಜತೆ ಸೇರಿ 1933ರಲ್ಲಿ ವಿವರವಾಗಿ ಪ್ರಕಟಿಸಿದ. ಇಂಡೋಸೂಕಸ್, ಇಂಡೋಸಾರಸ್ ಮುಂತಾದ ಮಾಂಸಾಹಾರಿಗಳ ಹೆಸರು ಅಲ್ಲಿಂದ ಬಂದವು. ಆ ಸಂಗ್ರಹದ ಹಲವು ಮೂಳೆಗಳು ಆಮೇಲೆ ಕಾಣೆಯಾದವು.

ಅನಂತರದ ದೊಡ್ಡ ಅಧ್ಯಾಯ ಗುಜರಾತಿನದು. 1980ರ ದಶಕದ ಆರಂಭದಲ್ಲಿ ಬಾಲಾಸಿನೋರ್ ಬಳಿ, ಸಿಮೆಂಟಿಗಾಗಿ ಸುಣ್ಣಕಲ್ಲು ತೆಗೆಯುವ ಗಣಿಯಲ್ಲಿ ತೆಂಗಿನಕಾಯಿ ಗಾತ್ರದ ಗುಂಡನೆಯ ಕಲ್ಲುಗಳು ಕಂಡವು. ಅವು ಡೈನೋಸಾರ್ ಮೊಟ್ಟೆಗಳು. ಹತ್ತಿರದ ರೈಯೋಲಿ ಗ್ರಾಮದಲ್ಲಿ ಮೂಳೆಗಳ ರಾಶಿಯೇ ದೊರಕಿತು. ಸರ್ವೇಕ್ಷಣಾ ಸಂಸ್ಥೆಯ ಸುರೇಶ್ ಶ್ರೀವಾಸ್ತವ ಅವರು 1982ರಿಂದ 1984ರವರೆಗೆ ಅಲ್ಲಿ ಕೆಲಸ ಮಾಡಿ, ಯಾವ ಮೂಳೆ ಎಲ್ಲಿ ಯಾವ ಭಂಗಿಯಲ್ಲಿ ಬಿದ್ದಿತ್ತೆಂದು ಒಂದು ನಕ್ಷೆ ಬರೆದಿಟ್ಟರು. ಸುಮಾರು ಇಪ್ಪತ್ತು ವರ್ಷ ಆ ಮೂಳೆಗಳು ಸಂಸ್ಥೆಯ ಸಂಗ್ರಹದಲ್ಲೇ ಇದ್ದವು. ಭಾರತ ಮತ್ತು ಅಮೆರಿಕದ ವಿಜ್ಞಾನಿಗಳು ಅವುಗಳನ್ನು ಹೊರತೆಗೆದು, ಆ ನಕ್ಷೆಯನ್ನು ಪಕ್ಕದಲ್ಲಿಟ್ಟು ಜೋಡಿಸಿದಾಗ ಹಣೆಯ ಮೇಲೆ ಒಂದು ಮೊಂಡು ಕೊಂಬಿನಂಥ ಉಬ್ಬಿರುವ ಬೇಟೆಗಾರ ಪ್ರಾಣಿಯೊಂದು ಎದ್ದು ನಿಂತಿತು. 2003ರಲ್ಲಿ ಅದಕ್ಕೆ ‘ರಾಜಸಾರಸ್ ನರ್ಮದೆನ್ಸಿಸ್’ ಎಂದು ಹೆಸರಿಟ್ಟರು. ಅಗೆಯುವಾಗ ಆ ನಕ್ಷೆಯೊಂದು ಇಲ್ಲದಿದ್ದರೆ ಇದ್ದದ್ದು ಬರೀ ಚೀಲ ತುಂಬ ಮೂಳೆ.

ರಾಜಸಾರಸ್‌ನ ಹತ್ತಿರದ ಬಂಧುಗಳು ಮಡಗಾಸ್ಕರಿನಲ್ಲೂ ದಕ್ಷಿಣ ಅಮೆರಿಕದಲ್ಲೂ ಸಿಕ್ಕಿವೆ. ಇದರಲ್ಲಿ ಆಶ್ಚರ್ಯವಿಲ್ಲ. ಈ ನೆಲಗಳೆಲ್ಲ ಹಿಂದೊಮ್ಮೆ ಒಂದೇ ಖಂಡದ ತುಂಡುಗಳು. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಯಲ್ಲಿ ಹೋದವರು ಜೋಡಿಸಿಟ್ಟಂತಿರುವ ಕಂಬಗಲ್ಲುಗಳನ್ನು ನೋಡಿರುತ್ತಾರೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುವಾಗ ಉಕ್ಕಿ ಬಂದ ಶಿಲಾರಸ ತಣಿದು ಆದ ಕಂಬಗಳು ಅವು. ಲಮೇಟಾದ ಡೈನೋಸಾರ್‌ಗಳು ಬದುಕಿದ್ದಾಗ ಭಾರತ ಏಷ್ಯಾಕ್ಕೆ ಇನ್ನೂ ಅಂಟಿಕೊಂಡಿರದೆ ಉತ್ತರಕ್ಕೆ ಸಾಗುತ್ತಿದ್ದ ಭೂಖಂಡವಾಗಿತ್ತು.

ಇದೇ ಪ್ರದೇಶದ ಧೋಲಿ ಡುಂಗ್ರಿ ಎಂಬಲ್ಲಿ ಸರ್ವೇಕ್ಷಣಾ ಸಂಸ್ಥೆಯ ಧನಂಜಯ ಮೊಹಬೆ ಅವರಿಗೆ ಒಂದು ವಿಶೇಷ ಕಲ್ಲು ಸಿಕ್ಕಿತ್ತು. ಅದರಲ್ಲಿ ಮೊಟ್ಟೆಗಳೂ ಪುಟ್ಟ ಮೂಳೆಗಳೂ ಇದ್ದವು. ಎಲ್ಲವೂ ಆಗತಾನೆ ಮೊಟ್ಟೆಯೊಡೆದ ಡೈನೋಸಾರ್ ಮರಿಯದೆಂದು ಭಾವಿಸಿ ಅವರು 1987ರಲ್ಲಿ ಪ್ರಕಟಿಸಿದರು. 2001ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್ ಆ ಕಲ್ಲನ್ನು ಕೈಗೆತ್ತಿಕೊಂಡು ನೋಡಿದಾಗ ಕೆಲವು ಬೆನ್ನುಮಣಿಗಳ ಕೀಲು ವಿಚಿತ್ರವಾಗಿ ಕಂಡಿತು. ಅಂಥ ಕೀಲು ಇರುವುದು ಹಾವಿಗೆ. ಕಲ್ಲನ್ನು ಬಿಡಿಸಿ ನೋಡಿದರೆ, ಒಡೆದ ಮೊಟ್ಟೆಯೊಂದರ ಸುತ್ತ ಸುರುಳಿ ಸುತ್ತಿ ಕೂತ ಸುಮಾರು ಮೂರೂವರೆ ಮೀಟರ್ ಉದ್ದದ ಹಾವು, ಪಕ್ಕದಲ್ಲಿ ಅರ್ಧ ಮೀಟರಿನ ಮರಿ, ಇನ್ನೆರಡು ಮೊಟ್ಟೆ. ಈ ಹಾವಿಗೆ ಇಂದಿನ ಹೆಬ್ಬಾವಿನಂತೆ ಬಾಯಿ ಅಗಲಿಸಿ ಇಡೀ ಮೊಟ್ಟೆ ನುಂಗುವ ಶಕ್ತಿ ಇರಲಿಲ್ಲ. ಹಾಗಾಗಿ ಮರಿ ಹೊರಬರಲೆಂದು ಗೂಡಿನಲ್ಲೇ ಕಾದಿದ್ದಿರಬೇಕು. ಅಷ್ಟರಲ್ಲಿ, ಬಹುಶಃ ಜೋರು ಮಳೆಗೆ ಸಡಿಲಗೊಂಡ ಮರಳುಮಣ್ಣು ಜಾರಿ ಬಂದು ಬೇಟೆಯನ್ನೂ ಬೇಟೆಗಾರನನ್ನೂ ಒಟ್ಟಿಗೆ ಹೂತುಹಾಕಿತು. 2010ರಲ್ಲಿ ಹಾವಿಗೆ ‘ಸನಾಜೆಹ್ ಇಂಡಿಕಸ್’ ಎಂಬ ಹೆಸರು ಬಂತು. ಪಳೆಯುಳಿಕೆಗಳಲ್ಲಿ ಸಾಮಾನ್ಯವಾಗಿ ಸತ್ತ ಪ್ರಾಣಿ ಸಿಗುತ್ತದೆ. ನಡೆಯುತ್ತಿದ್ದ ಘಟನೆಯೇ ಸಿಗುವುದು ಅಪರೂಪ.

ಇನ್ನು ಸೆಗಣಿಯ ವಿಚಾರ. ಹೇಸಿಗೆಯೆನಿಸಿದರೂ ವಿಜ್ಞಾನಕ್ಕೆ ಇದರಿಂದಾದ ಲಾಭ ದೊಡ್ಡದು. ಚಂದ್ರಪುರ ಜಿಲ್ಲೆಯ ಪಿಸ್ದೂರಾದಲ್ಲಿ ಕಲ್ಲಾದ ಲದ್ದಿ ಉಂಡೆಗಳು ಸಿಗುತ್ತವೆಂಬುದು ಬ್ರಿಟಿಷರ ಕಾಲದಿಂದಲೂ ಗೊತ್ತಿತ್ತು. ಹುಲ್ಲಿನ ಗರಿ ಎಳೆದರೆ ಕೈ ಕುಯ್ಯುತ್ತದಷ್ಟೆ? ಎಲೆಯೊಳಗೆ ಗಾಜಿನಂಥ ಸೂಕ್ಷ್ಮ ಸಿಲಿಕಾ ಕಣಗಳಿರುವುದೇ ಅದಕ್ಕೆ ಕಾರಣ. ಎಲೆ ಕೊಳೆತರೂ ಆ ಕಣಗಳು ಕೊಳೆಯುವುದಿಲ್ಲ, ಒಂದೊಂದು ಬಗೆಯ ಗಿಡಕ್ಕೂ ಅವುಗಳ ಆಕಾರ ಬೇರೆ. ಪಿಸ್ದೂರಾದ ಲದ್ದಿಯಲ್ಲಿ ಇಂಥ ಹುಲ್ಲಿನ ಕಣಗಳಿವೆ ಎಂದು ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಅದರಲ್ಲಿ ಭತ್ತದ ಬಳಗಕ್ಕೆ ಹತ್ತಿರವಾದವೂ ಇದ್ದವು. ಅಲ್ಲಿಯವರೆಗೆ ಹುಲ್ಲುಗಳು ಹರಡಿದ್ದು ಡೈನೋಸಾರ್‌ಗಳು ಹೋದ ಮೇಲೆ ಎಂದೇ ನಂಬಿಕೆಯಿತ್ತು. ಭತ್ತ, ರಾಗಿ, ಕಬ್ಬು, ಬಿದಿರು ಎಲ್ಲವೂ ಹುಲ್ಲಿನ ಕುಲವೇ ಎಂಬುದನ್ನು ನೆನೆದರೆ ಈ ಲದ್ದಿಯ ಬೆಲೆ ಅರ್ಥವಾದೀತು.

ಈಗ ಸ್ಲೀಮನ್‌ನ ಮೂಳೆಗಳಿಗೆ ಬರೋಣ. ಟೈಟಾನೊಸಾರಸ್ ಎಂಬ ಹೆಸರು ಬಂದ ಮೇಲೆ ಅರ್ಜೆಂಟೀನ, ಮಡಗಾಸ್ಕರ್, ಯುರೋಪುಗಳಲ್ಲಿ ಸಿಕ್ಕ ಮೂಳೆಗಳಿಗೂ ಅದನ್ನೇ ಅಂಟಿಸಿದರು. ಆದರೆ ಮೂಲ ಮೂಳೆಗಳೇ ಕಾಣೆ! ಹೋಲಿಸಿ ನೋಡಲು ಉಳಿದದ್ದು ಲಂಡನ್ನಿನಲ್ಲಿದ್ದ ಅಚ್ಚು ಮತ್ತು ಹಳೆಯ ಚಿತ್ರಗಳು. 2003ರಲ್ಲಿ ವಿಲ್ಸನ್ ಮತ್ತು ಪಾಲ್ ಅಪ್‌ಚರ್ಚ್ ಎಲ್ಲವನ್ನೂ ಮರುಪರಿಶೀಲಿಸಿ, ಆ ಮಣಿಗಳಲ್ಲಿ ಕಾಣುವ ಲಕ್ಷಣ ಇಡೀ ಬಳಗಕ್ಕೇ ಸಾಮಾನ್ಯ, ಒಂದು ಪ್ರಾಣಿಯನ್ನು ಗುರುತಿಸಲು ಸಾಲದು ಎಂದು ತೀರ್ಮಾನಿಸಿದರು. ಹೆಸರು ಹೀಗೆ ಬಿದ್ದುಹೋದ ಮೇಲೆ 2012ರಲ್ಲಿ ಮೂಳೆ ಸಿಕ್ಕಿತು! ಕೋಲ್ಕತ್ತದ ಸರ್ವೇಕ್ಷಣಾ ಸಂಸ್ಥೆಯ ಸಂಗ್ರಹದಲ್ಲಿ ಹುಡುಕುತ್ತಿದ್ದ ಮೊಹಬೆ ಮತ್ತು ಸುಭಾಸಿಸ್ ಸೇನ್ ಅವರ ಕಣ್ಣಿಗೆ ಬಾಲದ ಆ ಮಣಿಗಳಲ್ಲೊಂದು ಬಿತ್ತು. ಭಾರತದ ಮೊದಲ ಡೈನೋಸಾರ್ ಬೇರೆಲ್ಲೂ ಹೋಗಿರಲಿಲ್ಲ, ತನ್ನ ಮನೆಯಲ್ಲೇ ಇತ್ತು. ಹೆಸರು ಬಿದ್ದರೂ ಬಳಗಕ್ಕೆ ‘ಟೈಟಾನೊಸಾರ್’ ಎಂಬ ಹೆಸರು ಜಗತ್ತಿನಾದ್ಯಂತ ಉಳಿದುಕೊಂಡಿದೆ.

ಕಪಾಟಿನೊಳಗೆ ಕಳೆದದ್ದು ಎಂದಾದರೂ ಸಿಕ್ಕೀತು. ಬಯಲಿನಲ್ಲಿ ಕಳೆದದ್ದಕ್ಕೆ ಆ ಭರವಸೆಯಿಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಬಾಗ್–ಕುಕ್ಷಿ ಪ್ರದೇಶದಲ್ಲಿ 92 ಗೂಡುಗಳೂ 256 ಮೊಟ್ಟೆಗಳೂ ದೊರೆತ ವಿವರ 2023ರಲ್ಲಿ ಪ್ರಕಟವಾಯಿತು. ಗೂಡುಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ಅಷ್ಟು ದೊಡ್ಡ ತಾಯಂದಿರು ನಡುವೆ ಓಡಾಡಿದ್ದರೆ ಮೊಟ್ಟೆಗಳು ಪುಡಿಯಾಗುತ್ತಿದ್ದವು. ಆದ್ದರಿಂದ ಹೂತಿಟ್ಟು ಹೋಗಿಬಿಡುತ್ತಿದ್ದವೆಂದು ಊಹೆ. 2022ರಲ್ಲಿ ವಿವರಿಸಿದ ಇನ್ನೊಂದು ಮೊಟ್ಟೆಯಲ್ಲಿ ಚಿಪ್ಪಿನೊಳಗೆ ಮತ್ತೊಂದು ಚಿಪ್ಪು. ಈ ದೋಷ ಹಕ್ಕಿಗಳಲ್ಲಿ ಗೊತ್ತಿತ್ತೇ ಹೊರತು ಡೈನೋಸಾರ್‌ನಲ್ಲಿ ಕಂಡಿರಲಿಲ್ಲ. ಇದು ಸಿಕ್ಕಿದ್ದು ಪಾಡಲ್ಯಾ ಗ್ರಾಮದ ಬಳಿ. ಅದೇ ಪಾಡಲ್ಯಾದ ರೈತರು ಹೊಲದಲ್ಲಿ ಸಿಕ್ಕ ಗುಂಡುಕಲ್ಲುಗಳನ್ನು ‘ಕಾಕಡ್ ಭೈರವ’ ಎಂದು ಪೂಜಿಸುತ್ತಿದ್ದಾರೆ, ಅವೂ ಡೈನೋಸಾರ್ ಮೊಟ್ಟೆಗಳೇ ಎಂದು 2023ರ ಡಿಸೆಂಬರಿನಲ್ಲಿ ಪತ್ರಿಕೆಗಳು ವರದಿ ಮಾಡಿದವು. ನಗುವವರು ನಕ್ಕರು. ಬದುವಿನ ಕಲ್ಲಿಗೆ ಕುಂಕುಮವಿಟ್ಟು ಹೊಲ ಕಾಯೆಂದು ಕೈಮುಗಿಯುವ ಊರುಗಳು ಕರ್ನಾಟಕದಲ್ಲೂ ಬೇಕಾದಷ್ಟಿವೆ. ಪೂಜೆಗೊಂಡ ಮೊಟ್ಟೆಯಾದರೂ ಉಳಿಯಿತು, ನೇಗಿಲಿಗೆ ಸಿಕ್ಕಿ ಚೂರಾದವುಗಳ ಲೆಕ್ಕ ಇಟ್ಟವರಿಲ್ಲ.

ರೈಯೋಲಿಗೆ ಈಗ ಬೇಲಿಯೂ 2019ರಲ್ಲಿ ತೆರೆದ ವಸ್ತುಸಂಗ್ರಹಾಲಯವೂ ಇವೆ. ಬಾಗ್ ಬಳಿಯ ಒಂದಿಷ್ಟು ಜಾಗವನ್ನು 2011ರಲ್ಲಿ ಡೈನೋಸಾರ್ ಪಳೆಯುಳಿಕೆಗಳ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಆದರೆ ಲಮೇಟಾ ಪದರದ ಬಹುಪಾಲು ಇರುವುದು ಹೊಲ, ಗಣಿ, ರಸ್ತೆಗಳ ಕೆಳಗೆ. ದೇಗುಲ, ಕೋಟೆ, ಶಾಸನಗಳ ರಕ್ಷಣೆಗೆ 1958ರಲ್ಲೇ ಕೇಂದ್ರದ ಕಾಯ್ದೆ ಬಂದಿತು. ಪಳೆಯುಳಿಕೆ ತಾಣಗಳನ್ನೂ ಒಳಗೊಳ್ಳುವ ಒಂದು ಮಸೂದೆಯ ಕರಡನ್ನು ಕೇಂದ್ರ ಗಣಿ ಸಚಿವಾಲಯ ಪ್ರಕಟಿಸಿದ್ದು 2022ರ ಡಿಸೆಂಬರಿನಲ್ಲಿ. ತಾಣಕ್ಕೆ ಹಾನಿ ಮಾಡಿದವರಿಗೆ ಸೆರೆವಾಸ ಮತ್ತು ದಂಡ ವಿಧಿಸುವ ಪ್ರಸ್ತಾವ ಅದರಲ್ಲಿತ್ತು. ತಾಣಗಳ ಮೇಲಿನ ಅಧಿಕಾರವೆಲ್ಲ ಸರ್ವೇಕ್ಷಣಾ ಸಂಸ್ಥೆಯೊಂದರ ಕೈಗೇ ಹೋಗುತ್ತದೆ, ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುವವರು ಒಂದು ಕಲ್ಲು ಎತ್ತಲೂ ಅಪ್ಪಣೆ ಕೇಳಬೇಕಾಗುತ್ತದೆ ಎಂದು ಹಲವು ವಿಜ್ಞಾನಿಗಳು ಆಕ್ಷೇಪವೆತ್ತಿದರು.