ಫ್ಲೋಸಾಲ್ವರ್

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ಸಮಾಂತರ ಗಣಕಗಳ ಸರಣಿ. 1986ರಲ್ಲಿ ಆರಂಭವಾಯಿತು. ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕಹಾಕುವುದು ಇದರ ಮೂಲ ಉದ್ದೇಶ. ಮೊದಲ ಮಾದರಿಯಲ್ಲಿ ಇಂಟೆಲ್ 8086 ಪ್ರೊಸೆಸರ್‌ಗಳ ಜತೆಗೆ ತೇಲುಬಿಂದು (ಫ್ಲೋಟಿಂಗ್ ಪಾಯಿಂಟ್) ಲೆಕ್ಕಕ್ಕೆಂದೇ 8087 ಸಹಪ್ರೊಸೆಸರ್‌ಗಳಿದ್ದವು.

ಲೆಕ್ಕದ ಸ್ವರೂಪವೇ ಗಣಕದ ರಚನೆಯನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಈ ಸರಣಿ ಒಳ್ಳೆಯ ನಿದರ್ಶನ. ಗಾಳಿಯ ಚಲನೆಯ ಲೆಕ್ಕದಲ್ಲಿ ಹರಿವಿನ ಪ್ರದೇಶವನ್ನು ಚೌಕಗಳ ಜಾಲವಾಗಿ ವಿಂಗಡಿಸಿ, ಒಂದೊಂದು ಭಾಗವನ್ನು ಒಂದೊಂದು ಪ್ರೊಸೆಸರ್‌ಗೆ ವಹಿಸಬಹುದು. ಅಂಚಿನ ಬೆಲೆಗಳನ್ನಷ್ಟೇ ನೆರೆಯ ಪ್ರೊಸೆಸರ್‌ಗಳು ವಿನಿಮಯ ಮಾಡಿಕೊಂಡರೆ ಸಾಕು. ಹೀಗಾಗಿ ಸಾಧಾರಣ ಸಂಪರ್ಕ ವ್ಯವಸ್ಥೆಯಲ್ಲೂ ಕೆಲಸ ಸಾಗುತ್ತದೆ.

ಈ ಗಣಕಗಳನ್ನು ಮುಂದೆ ಬಳಸಿದ ಹವಾಮಾನ ಮುನ್ಸೂಚನೆಯ ರೋಹಿತ ಮಾದರಿಗಳದು ಬೇರೆಯೇ ಬೇಡಿಕೆ. ಅವು ವಾತಾವರಣವನ್ನು ಇಡೀ ಭೂಗೋಳ ವ್ಯಾಪಿಸುವ ಅಲೆಗಳ ಮೊತ್ತವಾಗಿ ನಿರೂಪಿಸುತ್ತವೆ. ಪ್ರತಿಯೊಂದು ಅಲೆಯ ಗುಣಾಂಕಕ್ಕೂ ಭೂಗೋಳದಾದ್ಯಂತದ ದತ್ತಾಂಶ ಕೂಡಬೇಕಾದ್ದರಿಂದ, ಎಲ್ಲ ಪ್ರೊಸೆಸರ್‌ಗಳ ನಡುವಿನ ಸಂವಹನವೇ ವೇಗಕ್ಕೆ ತಡೆಯಾಗುತ್ತದೆ. ಇದಕ್ಕೆ ಪರಿಹಾರವಾಗಿ ಫ್ಲೋಸಾಲ್ವರ್‌ನ ನಂತರದ ಮಾದರಿಗಳಲ್ಲಿ ‘ಫ್ಲೋಸ್ವಿಚ್’ ಅಳವಡಿಸಲಾಯಿತು. ಇದು ಸಂದೇಶಗಳನ್ನು ದಾಟಿಸುವುದರ ಜತೆಗೆ ಹಾದಿಯಲ್ಲೇ ದತ್ತಾಂಶದ ಸಂಸ್ಕರಣೆಯನ್ನೂ ಮಾಡುತ್ತದೆ.